ಅರಿಶಿನದ ಕೊಂಬು

ಹೊಳೆನರಸೀಪುರದ ಗಿರಿಧರ ಮೇಷ್ಟ್ರು ಹೆಂಡತಿ ಹಂಸಳನ್ನು ಮಲೇಷ್ಯಾಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲೊಂದು ದ್ವೀಪದಲ್ಲಿ ತಂತಿಗೆ ಜೋತುಬಿದ್ದು ಕಣಿವೆ ದಾಟುವ ಆಟ. ಒಡವೆ ಹಾಕಿಕೊಂಡವರನ್ನು ಬಿಡುವುದಿಲ್ಲ ಎಂದರು. ಹಂಸ ಮಾಂಗಲ್ಯದ ಸರ ಬಿಚ್ಚಿ ಲಾಕರಿನಲ್ಲಿಟ್ಟಳು. ಆದರೆ ಬರೀ ಕೊರಳಲ್ಲಿ ಹೆಜ್ಜೆ ಏಳಲಿಲ್ಲ. ಸರವನ್ನು ಅಕ್ಕಸಾಲಿಗೆ ಕೊಟ್ಟ ದಿನ ಊರಿನಲ್ಲಿ ಕಟ್ಟಿಕೊಳ್ಳುವಂಥ ಅರಿಶಿನದ ಕೊಂಬಿನ ದಾರವನ್ನು ಅತ್ತೆ ಪರ್ಸಿನಲ್ಲಿ ಹಾಕಿ ಕಳಿಸಿದ್ದರು.

“ಇದನ್ನ ಕಟ್ಟಿಬಿಡಿ ರೀ.”

“ಹತ್ತು ನಿಮಿಷದ ಆಟಕ್ಕೆ ಇದೆಲ್ಲ ಬೇಕೇನೆ?” ಎನ್ನುತ್ತಲೇ ಗಿರಿಧರ ಮೇಷ್ಟ್ರು ಗಂಟು ಹಾಕಿದರು.

ಮೇಲಿನ ಅಟ್ಟಣೆಯಲ್ಲಿ ಮಂಜು ಮುಸುಕಿ ಆಚೆಯ ದಡವೇ ಕಾಣುತ್ತಿರಲಿಲ್ಲ. ಒಬ್ಬರು ಜಾರಿದಾಗ ತಂತಿ ಗುಂಯ್ ಎನ್ನುವುದು, ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಸೀಟಿ ಕೇಳಿಸುವುದು, ಆಮೇಲೆ ಮುಂದಿನವರ ಸರದಿ.

“ನಾನು ಮೊದಲು ಹೋಗಿ ನೀನು ಬರೋದನ್ನ ಫೋಟೋ ತೆಗೀತೀನಿ ಕಣೆ,” ಎಂದ ಗಿರಿಧರ ಮೇಷ್ಟ್ರು ಮಂಜಿನೊಳಗೆ ಜಾರಿಹೋದರು.

ಹಂಸಳ ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದ ಕೆಲಸದವನಿಗೆ ಕೊರಳ ದಾರ ಕಂಡಿತು. ಎಲ್ಲಾದರೂ ಸಿಕ್ಕಿಕೊಂಡೀತೆಂದು ಚಾಕು ತೆಗೆದ. “ಬೇಡಪ್ಪ, ಬೇಡ,” ಎಂದು ಅವಳು ಕನ್ನಡದಲ್ಲೇ ಅಂದಳು. ಅಷ್ಟರಲ್ಲಿ ದಾರ ತುಂಡಾಗಿ, ಕೊಂಬು ಹಲಗೆಗಳ ಸಂದಿನಿಂದ ಕಣಿವೆಗೆ ಬಿತ್ತು. ಅವನು ಒಳ್ಳೆಯದನ್ನೇ ಮಾಡಿದವನಂತೆ ನಕ್ಕ.

ತಂತಿಯ ಸದ್ದು ತಟ್ಟನೆ ನಿಂತಿತು. ಹಂಸ ಬರೀ ಕೊರಳ ಮೇಲೆ ಕೈಯಿಟ್ಟುಕೊಂಡು ಸೀಟಿಗಾಗಿ ಕಾದಳು. ಸೀಟಿ ಬರಲಿಲ್ಲ. ಕೆಲಸದವನು ತಂತಿಯನ್ನು ಮುಟ್ಟಿ ನೋಡಿದ. ಆಮೇಲೆ ಅವಳ ಮುಖ ನೋಡದೆ, ಬಿಗಿದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.