ಆರದ ದೀಪ

ವಾಹನಗಳ ವೈರಿಂಗ್ ಕೆಲಸದಲ್ಲೇ ಅಣ್ಣನ ತಲೆ ನರೆತಿತ್ತು. ತಮ್ಮ ತನ್ನ ಹಳೆಯ ಕಾರಿನ ಡ್ಯಾಶ್‌ಬೋರ್ಡಿಗೆ ಎಲ್‌ಇಡಿ ಹಾಕಲು ಕುಳಿತಾಗ ಅವನು ಹೇಳಿದ: "ಬ್ಯಾಟರಿ ದೀಪದ ಬಲ್ಬು ಮಾತ್ರ ಹಳೇದೇ ಇರ್ಲಿ ಕಣೋ. ಅದರಲ್ಲಿ ಸಾಕಷ್ಟು ಕರೆಂಟು ಹರಿದ್ರೇನೇ ಚಾರ್ಜಿಂಗ್ ಶುರುವಾಗೋದು."

"ನೀನೂ ಹಳೇ ಬಲ್ಬೇ ಬಿಡಣ್ಣ," ಎಂದು ನಕ್ಕ ತಮ್ಮ ಅದನ್ನೂ ಕಿತ್ತು ಎಲ್‌ಇಡಿ ಹಾಕಿದ.

ಮರುದಿನ ಬೆಳಿಗ್ಗೆ, ಅಮ್ಮನ ಅಕ್ಕ ಕೊನೆಯುಸಿರಿನಲ್ಲಿದ್ದಾಳೆಂದು ಫೋನು ಬಂತು. ಅಮ್ಮನನ್ನು ಕೂರಿಸಿಕೊಂಡು ಇಬ್ಬರೂ ಹೊರಟರು. ಎಂಜಿನ್ ಚಾಲೂ ಆದರೂ ಬ್ಯಾಟರಿ ದೀಪ ಆರಲಿಲ್ಲ; ಚಾರ್ಜಿಂಗ್ ಶುರುವಾಗಿರಲಿಲ್ಲ. ಅಣ್ಣ ಅದನ್ನು ಕಂಡ. 'ಅನುಭವಿಸಲಿ, ಆಗ ಬುದ್ಧಿ ಬರುತ್ತೆ' ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡ.

ಅರ್ಧ ದಾರಿಯಲ್ಲಿ ಬ್ಯಾಟರಿ ಬರಿದಾಗಿ ಕಾರು ನಿಂತಿತು. ಬೇರೆ ಗಾಡಿ ಹಿಡಿದು ತಲುಪುವಷ್ಟರಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿದ್ದಳು.

"ನೀನು ಬಡ್ಕೊಂಡ್ರೂ ಇವ್ನು ಕೇಳ್ಲಿಲ್ವಲ್ಲಪ್ಪ," ಎಂದು ಅಳುತ್ತ ಅಮ್ಮ ದೊಡ್ಡ ಮಗನ ಬೆನ್ನು ಸವರಿದಳು.

ಬೆನ್ನು ಸುಟ್ಟಂತಾಯಿತು. ಕಂಡೂ ಸುಮ್ಮನಿದ್ದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.