ಮನೆಯ ಮುಂದೆ ಎಂದರೆ

ನನಗೆ ಮೊದಲು ಅನುಮಾನ ಬಂದದ್ದು ಐಸ್ ಫ್ಯಾಕ್ಟರಿಯವನ ಮೇಲೆ. ಕಡಲು ವರ್ಷ ವರ್ಷ ಒಳಗೆ ನುಗ್ಗುತ್ತಿದೆ, ತಡೆಗೋಡೆ ಕಟ್ಟುತ್ತೇವೆ ಎಂದು ಸರ್ಕಾರದವರು ಹೇಳಿದ್ದು ನಮ್ಮ ಇಪ್ಪತ್ತಮೂರು ಮನೆಗಳಿಗಾಗಿ. ಈಗ ನೋಡಿದರೆ ಸುಣ್ಣದ ಗೆರೆ ಎಳೆದಿರುವುದು ನಮ್ಮ ಮನೆಗಳಿಗೂ ರಸ್ತೆಗೂ ನಡುವೆ. ರಸ್ತೆಯಾಚೆಯ ಫ್ಯಾಕ್ಟರಿ, ಲಾಡ್ಜು ಎಲ್ಲ ಗೋಡೆಯ ಒಳಗೆ. ನಾವು ಕಡಲಿನ ಪಾಲಿಗೆ.

"ಎಷ್ಟು ತಿನ್ನಿಸಿದನೋ ಆ ಪುಣ್ಯಾತ್ಮ," ಎಂದೆ.

ಜೊತೆಯಲ್ಲಿ ಬಲೆ ಹೊಲಿಯುತ್ತಿದ್ದ ತಂಗಿ ತಲೆ ಎತ್ತಲಿಲ್ಲ. ಅವಳ ಮನೆ ಸಾಲಿನ ಕೊನೆಯದು. ಹೋದ ವರ್ಷ ಅರ್ಧ ಅಡುಗೆಮನೆ ಕೊಚ್ಚಿಹೋಗಿತ್ತು.

ಬಲೆ ಬಿಸಾಡಿ ಕಚೇರಿಗೆ ಹೋದೆ. ಇಂಜಿನಿಯರ್ ಕುರ್ಚಿ ಹಾಕಿಸಿದ, ಫ್ಯಾನ್ ತಿರುಗಿಸಿದ. ಅಷ್ಟು ಮರ್ಯಾದೆ ಕೊಟ್ಟಾಗಲೇ ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು.

"ಏನಮ್ಮ, ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ?" ಎಂದು ಕಾಗದ ತೋರಿಸಿದ.

'ನಮ್ಮ ಮನೆಗಳ ಮುಂದೆ ಗೋಡೆ ಕಟ್ಟಲು ಒಪ್ಪಿಗೆ ಇದೆ.' ಕೆಳಗೆ ಇಪ್ಪತ್ತಮೂರು ಮನೆಯವರ ಹೆಬ್ಬೆಟ್ಟು. ಅಕ್ಷರ ನನ್ನದೇ. ಅವನು ಹೇಳುತ್ತಾ ಹೋಗಿದ್ದ, ನಾನು ಬರೆದಿದ್ದೆ. ಮನೆ ಮನೆ ಸುತ್ತಿ ಒತ್ತಿಸಿಕೊಂಡು ಬಂದವಳೂ ನಾನೇ.

"ಮುಂದೆ ಅಂದ್ರೆ ಕಡಲ ಕಡೆ ಸ್ವಾಮಿ. ದೋಣಿ ಬಂತಾ ಅಂತ ನೋಡ್ಬೇಕಲ್ಲ, ನಮ್ಮ ಬಾಗಿಲು ಇರೋದೇ ಆ ಕಡೆ."

"ನಮ್ಮ ಪ್ರಕಾರ ಮನೆ ಮುಂದೆ ಅಂದ್ರೆ ರಸ್ತೆ ಕಡೆ."

"ರಸ್ತೆ ಕಡೆ ನಮಗಿರೋದು ಬಚ್ಚಲು. ಬಚ್ಚಲನ್ನ ಯಾರಾದ್ರೂ ಮುಂದೆ ಅಂತಾರಾ? ಅಳತೆಗೆ ಬಂದಾಗ ನೀವು ಯಾವ ಕಡೆಯಿಂದ ಒಳಗೆ ಬಂದ್ರಿ?"

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಇವನಿಗೆ ಗೊತ್ತಿತ್ತು. ಗೊತ್ತಿದ್ದೇ ನನ್ನ ಕೈಯಲ್ಲಿ ಬರೆಸಿದ. ಆದರೆ ಅದನ್ನು ಯಾರ ಮುಂದೆ ಸಾಬೀತು ಮಾಡಲಿ?

"ಹೊಸ ಅರ್ಜಿ ಕೊಡಿ. ಎಲ್ಲಾ ಮನೆಯವರೂ ಒತ್ತಿರಬೇಕು. ಸೋಮವಾರದ ಒಳಗೆ," ಎಂದ.

ಈ ಸಲ ಮಾತು ನಂಬಲಿಲ್ಲ. ಮನೆ, ಕಡಲು, ಗೋಡೆ ಮೂರನ್ನೂ ಚಿತ್ರ ಬರೆದು ಶಾಯಿ ಪ್ಯಾಡು ಹಿಡಿದು ಹೊರಟೆ. ಒಬ್ಬರಿಗೆ ಕೈಗೆ ಗಾಯವಾಗಿತ್ತು, ಇನ್ನೊಬ್ಬರು ಗಂಡ ಬರಲಿ ಎಂದರು. ಭಾನುವಾರ ಸಂಜೆಯಾದರೂ ಚಿತ್ರದ ಕೆಳಗೆ ಒಂದು ಹೆಬ್ಬೆಟ್ಟೂ ಬಿದ್ದಿರಲಿಲ್ಲ. ಕೊನೆಗೆ ತಂಗಿಯ ಮನೆಗೆ ಹೋದೆ.

ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಅಕ್ಕ, ಬೇಜಾರು ಮಾಡ್ಕೋಬೇಡ, ಒಂದು ಕೇಳ್ತೀನಿ. ಹೋದ ಸಲ ನಮ್ಮ ಹತ್ರ ಒತ್ತಿಸ್ಕೊಂಡು ಹೋದ್ಯಲ್ಲ, ಅದಕ್ಕೆ ಅವರು ನಿನಗೇನು ಕೊಟ್ರು?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಈ ಮಾತನ್ನು ಮೊದಲ ದಿನವೇ ಕೇಳುತ್ತಿದ್ದೆ.