ಅದಲುಬದಲು

"ಎರಡೂ ಹುಬೇಹೂಬ ಒಂದ ಥರಾ ಇದ್ದ ಮ್ಯಾಲೆ ಒಂದ ಜಾಗಾದಾಗ ಯಾಕ ಕೂಡಬಾರದು?"

ರೇಣು ಕೇಳಿದ್ದು ಕಪಾಟಿನ ಬಾಗಿಲನ್ನು. ಮರುದಿನ ಆಕುರ್ಡಿಯ ಕೋಚಿಂಗ್ ಕ್ಲಾಸಿನಲ್ಲಿ ಹನ್ನೆರಡನೆಯ ತರಗತಿಯವರಿಗೆ ಅವಳು ಎಲೆಕ್ಟ್ರಾನಿನ ಪಾಠ ಮಾಡುವುದಿತ್ತು. ಪಾಠದ ಮೊದಲ ಮಾತನ್ನು ಹೀಗೆ ಗಟ್ಟಿಯಾಗಿ ಹೇಳಿ ನೋಡುವುದು ಅವಳ ರೂಢಿ. ಅಡುಗೆಮನೆಯಲ್ಲಿ ದೇವರ ಪದ ಹೇಳಿಕೊಳ್ಳುತ್ತಿದ್ದ ತಾಯಿ ಸಾವಂತ್ರವ್ವ ಪದವನ್ನು ಅರ್ಧಕ್ಕೆ ಬಿಟ್ಟು ಓಗೊಟ್ಟಳು.

"ಯಾರ ಬ್ಯಾಡಂದ್ರು? ಸರದ ಕೂತ್ರ ಹತ್ತ ಮಂದಿ ಹಿಡಸ್ತಾರ."

"ಮಂದಿ ಅಲ್ಲಬೇ, ಎಲೆಕ್ಟ್ರಾನು."

"ಯಾರರ ಇರಲಿ. ಸೀರಿ ಉಟಗೋ. ಬೀಗತಿ ಬರೂ ಹೊತ್ತಾತು."

ನಿಗಡಿಯ ಈ ಎರಡು ಕೋಣೆಯ ಮನೆ ಅಕ್ಕ ಸ್ನೇಹಲಳದು. ಹದಿನಾಲ್ಕು ತಿಂಗಳ ಹಿಂದೆ ಡೆಂಗಿ ಜ್ವರದಲ್ಲಿ ಅವಳು ತೀರಿಕೊಂಡಾಗ, ಅವಳ ಕೂಸನ್ನು ನೋಡಿಕೊಳ್ಳಲು ತಾಯಿ ಮಗಳು ಜಮಖಂಡಿಯಿಂದ ಹದಿನೈದು ದಿನಕ್ಕೆಂದು ಬಂದವರು. ತಿರುಗಿ ಹೋಗುವ ಮಾತು ತಾನಾಗಿಯೇ ನಿಂತುಹೋಯಿತು. ಸ್ನೇಹಲಳ ಚಪ್ಪಲಿ ರೇಣುವಿನ ಕಾಲಿಗೆ ಬಂತು, ಕುಪ್ಪಸ ಒಂದು ಹೊಲಿಗೆ ಬಿಚ್ಚದೆ ಮೈಗೆ ಹಿಡಿಯಿತು. ಮರಾಠಿ ಹಾಲಿನವನು ಕೆಳಗಿನಿಂದ "ಸ್ನೇಹಲ್ ವಹಿನೀ" ಎಂದು, ಅತ್ತಿಗೆಯನ್ನು ಕರೆಯುವಂತೆ, ಕೂಗುತ್ತಿದ್ದ. ರೇಣು ಮೂರು ಸಲ ತಿದ್ದಿದಳು. ನಾಲ್ಕನೆಯ ಸಲ ಹಾಲಿನ ಪಾತೇಲಿ ಹಿಡಿದು ಸುಮ್ಮನೆ ಇಳಿದುಹೋದಳು. ಹೋದ ವಾರ ಅಕ್ಕನ ಗಂಡನನ್ನೇ ಮದುವೆಯಾಗುವ ಮಾತು ಬಂದಾಗಲೂ, ಕುತ್ತಿಗೆ ಬಿಗಿದಪ್ಪಿ ಮಲಗಿದ್ದ ಕೂಸನ್ನು ನೋಡಿ "ಹೂಂ" ಅಂದಿದ್ದಳು. ಅಂದಿನಿಂದ ಮನೆಯ ಗೋಡೆಗಳು ದಿನಕ್ಕೊಂದು ಗೇಣು ಒಳಗೆ ಸರಿಯುತ್ತಿರುವಂತೆ ಅನ್ನಿಸುತ್ತಿತ್ತು.

ಅಕ್ಕನ ಗಂಡ ಸಿದ್ದಾರೂಢ, ಕ್ಯಾಂಪ್ ಬಜಾರಿನ ತನ್ನ ಸೀರೆ ಅಂಗಡಿಯಿಂದ ಬೇಗ ಬಂದು, ಏನು ಮಾಡಬೇಕೆಂದು ತಿಳಿಯದವನಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ನೀ ಆಗ ಕೇಳಿದ್ದಕ್ಕ ಉತ್ತರೇನು, ರೇಣು?"

"ಎರಡು ಎಲೆಕ್ಟ್ರಾನ್ ಅದಲಬದಲ ಮಾಡಿದ್ರ..."

"ಒಂದ ನಮೂನಿ ಎರಡು ಸೀರಿ ಬದಲ ಮಾಡಿದ್ರ ಗಿರಾಕಿಗಿ ಗೊತ್ತs ಆಗಂಗಿಲ್ಲ."

"ಸೀರಿಗೆ ಹಾಂಗ ಮಾಮಾ. ಇಲ್ಲೆ ಬದಲ ಮಾಡಿದ ಕೂಡ್ಲೆ ಲೆಕ್ಕದಾಗ ಪ್ಲಸ್ ಇದ್ದದ್ದು ಮೈನಸ್ ಆಗಬೇಕು, ಅದು ಅವುಗಳ ಹುಟ್ಟುಗುಣ. ಆದ್ರ ಎರಡೂ ಒಂದs ಸ್ಥಿತಿಯಾಗ ಇದ್ವು ಅಂತ ತಿಳೀರಿ. ಬದಲ ಮಾಡಿದ್ರೂ ಮೊದಲಿನ ಲೆಕ್ಕಾನs ಉಳೀಬೇಕು. ತನ್ನ ಮೈನಸ್ಸಿಗೆ ತಾನs ಸಮ ಆಗೂ ಅಂಕಿ ಯಾವುದು ಹೇಳ್ರಿ?"

ಸಿದ್ದಾರೂಢ ಬೆರಳಿನಿಂದ ತೊಡೆಯ ಮೇಲೆ ಏನೋ ಬರೆದು ನೋಡಿದ. "ಸೊನ್ನಿ."

"ಅಷ್ಟs. ಯಾರೂ ಹೊರಗ ದಬ್ಬಂಗಿಲ್ಲ. ಲೆಕ್ಕ ಸೊನ್ನಿ ಅಂದ್ರ ಎರಡೂ ಹಂಗ ಒಂದ ಕಡೆ ಇರೂದು ಅನ್ನೂದs ಇಲ್ಲ."

"ಆದ್ರ ನಾ ಸಾಯನ್ಸ್ ಓದುವಾಗ ಎಲೆಕ್ಟ್ರಾನಿಗಂತ ಚೌಕ ಹಾಕಿಸಿ ಒಂದು ಮನ್ಯಾಗ ಎರಡೆರಡು ಬಾಣ ತೆಗಿಸ್ತಿದ್ರಲ್ಲ?"

"ಎರಡು ಇರ್ತಾವ್ರಿ. ಆದ್ರ ಒಂದು ಬಾಣ ಮ್ಯಾಲೆ, ಒಂದು ಕೆಳಗ. ಸ್ಪಿನ್ ಅಂತಾರ. ಉಳಿದದ್ದೆಲ್ಲಾ ಒಂದ ಇದ್ರೂ ನಡೀತದ, ಅದೊಂದರ ಬ್ಯಾರೆ ಇರಬೇಕು."

"ನಿನ್ನ ಹುಡುಗ್ರು ಇಷ್ಟೆಲ್ಲಾ ಕೇಳ್ತಾರೇನು?"

"ಎಷ್ಟ ಮಾರ್ಕ್ಸಿಗೆ ಬರ್ತದ ಅಂತ ಕೇಳ್ತಾರ."

ಅವನು ನಕ್ಕ. ಅವಳಿಗೂ ನಗು ಬಂತು. ಈ ಮನುಷ್ಯನೊಡನೆ ಬಾಳ್ವೆ ಮಾಡಲು ಆಗಲಿಕ್ಕಿಲ್ಲವೆಂದೇನೂ ಇಲ್ಲ ಎಂದು ಆ ಗಳಿಗೆ ಅನ್ನಿಸಿತು.

ಸಾಸವಡದಿಂದ ಬಂದ ಅವನ ತಾಯಿ ಮಣೆ ಹಾಕಿಸಿ ರೇಣುವನ್ನು ಕೂಡಿಸಿದಳು. ಸೆರಗಿಗೆ ಅಕ್ಕಿ ಸುರಿದು ಉಡಿ ತುಂಬಿಬಿಟ್ಟರೆ ಮದುವೆಯ ಮಾತು ಗಟ್ಟಿಯಾದ ಹಾಗೆ. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಹಸಿರು ಖಣ.

"ಲಗ್ನದಾಗ ಸೊಸಿಗೆ ಹೊಸಾ ಹೆಸರಿಡೂದು ನಮ್ಮ ಕಡೆ ಪದ್ಧತಿ," ಎಂದಳು ಆಕೆ, ಕುಂಕುಮ ಹಚ್ಚುತ್ತ. "ನಾ ಭಾಳ ವಿಚಾರ ಮಾಡೇನಿ. ಸ್ನೇಹಲ್ ಅಂತs ಇಡೂಣು. ಅಂಗಡಿ ಬೋರ್ಡಿನ ಮ್ಯಾಲೂ ಅದs ಅದ. ನಾಳೆ ಕೂಸಿಗೂ ತಾಯಿ ಹೆಸರು ಎರಡೆರಡು ಹೇಳೂ ಗೋಳಿಲ್ಲ."

ರೇಣು ಸಿದ್ದಾರೂಢನ ಕಡೆ ನೋಡಿದಳು. ಅವನಿಗೂ ಇದು ಹೊಸದೆಂಬುದು ಮುಖದಲ್ಲೇ ಇತ್ತು. ತಾಯಿಯ ಮುಖ ನೋಡಿ ಕುರ್ಚಿಯ ತುದಿಗೆ ಇನ್ನಷ್ಟು ಸರಿದ.

"ಮತ್ತ ನನ್ನ ಹೆಸರು, ಅತ್ತಿ?"

"ಅದೆಲ್ಲಿಗಿ ಹೋಗ್ತದ? ತವರಮನ್ಯಾಗ ಕರಿಯಾಕ ಇದ್ದs ಅದಲ್ಲ."

ತವರುಮನೆಯೆಂದರೆ ಈಗ ಸಾವಂತ್ರವ್ವ ಒಬ್ಬಳೇ. ರೇಣು ಅವಳ ಕಡೆ ತಿರುಗಿದಳು. ತಾಯಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಆ ಮುಖ ಹೀಗೆ ಬೆಳಗಿದ್ದನ್ನು ರೇಣು ಕಂಡಿರಲಿಲ್ಲ. ಸಾವಂತ್ರವ್ವ ಬಾಗಿ, ಎರಡೂ ಕೈಯಲ್ಲಿ ಮಗಳ ಗಲ್ಲ ಸವರಿ, ಬೆರಳು ಮುರಿದು ದೃಷ್ಟಿ ತೆಗೆದಳು.

"ಹೊಳ್ಳಿ ಬಂದಿ ನನ್ನವ್ವಾ," ಎಂದಳು. "ಸ್ನೇಹಲ್, ಸೆರಗ ಒಡ್ಡು."

ಬೀಗತಿ ಬೊಗಸೆಯ ತುಂಬ ಅಕ್ಕಿ ಎತ್ತಿ ಕಾದಿದ್ದಳು. ಬೆರಳ ಸಂದಿಯಿಂದ ಕಾಳುಗಳು ಒಂದೊಂದಾಗಿ ತಾಟಿಗೆ ಉದುರುತ್ತಿದ್ದವು.

"ಒಡ್ಡಂಗಿಲ್ಲ," ಎಂದಳು ರೇಣು.